ಬಣ್ಣ ಹಚ್ಚುತ್ತಾ ಸ್ಪ್ಯಾನಿಷ್ ಹಣ್ಣುಗಳ ಹೆಸರು: 3ರಿಂದ 8 ವರ್ಷದ ಮಕ್ಕಳಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

ಹಣ್ಣಿನ ಚಿತ್ರವಿರುವ ಒಂದು ಹಾಳೆ, ಅದರ ಕೆಳಗೆ ಸ್ಪ್ಯಾನಿಷ್ ಹೆಸರು, ಪಕ್ಕದಲ್ಲಿ ಕ್ರೇಯಾನ್ ಡಬ್ಬಿ. ಇಷ್ಟನ್ನು ಕೊಟ್ಟು ಮಗುವನ್ನು ಕೂರಿಸಿದರೆ ಮನೆ ಅರ್ಧ ಗಂಟೆ ಶಾಂತವಾಗಿರುತ್ತದೆ, ಆದರೆ ಮಗು ಒಂದು ಪದವನ್ನೂ ಕಲಿತಿರುವುದಿಲ್ಲ. ಓದಲು ಬಾರದ ಮಗುವಿಗೆ ಹಾಳೆಯ ಮೇಲಿನ ಅಕ್ಷರವೂ ಒಂದು ಗೆರೆ, ಅಷ್ಟೆ. ಹೆಸರು ಒಳಗೆ ಹೋಗಬೇಕಾದದ್ದು ಕಿವಿಯಿಂದ.

ಹಾಗಾದರೆ ಬಣ್ಣ ಯಾಕೆ ಬೇಕು? ಬಣ್ಣ ಹಚ್ಚುವಾಗ ಮಗು ಒಂದೇ ಹಣ್ಣನ್ನು ನಾಲ್ಕೈದು ನಿಮಿಷ ಕಣ್ಣು ಕೀಳದೆ ನೋಡುತ್ತದೆ. ಬೇರೆ ಯಾವ ಆಟದಲ್ಲೂ ಮೂರು ವರ್ಷದ ಮಗುವಿನ ಗಮನ ಒಂದು ವಸ್ತುವಿನ ಮೇಲೆ ಅಷ್ಟು ಹೊತ್ತು ನಿಲ್ಲುವುದು ಕಷ್ಟ. ಕಣ್ಣಿಗೆ, ಕೈಗೆ ಕೆಲಸವಿದೆ. ಕಿವಿ ಮಾತ್ರ ಬಿಡುವಾಗಿದೆ. ಆ ಬಿಡುವಿನಲ್ಲಿ ಹೆಸರನ್ನು ಮತ್ತೆ ಮತ್ತೆ ಕಿವಿಗೆ ಹಾಕುವುದು ಪಕ್ಕದಲ್ಲಿ ಕೂತ ದೊಡ್ಡವರ ಕೆಲಸ. ಮುಂದೆ ಹೇಳುವ ಹಾಳೆ, ಕ್ರೇಯಾನ್, ಅನುಕ್ರಮ, ಆಟ ಎಲ್ಲವೂ ಈ ಒಂದು ಕೆಲಸಕ್ಕೆ ಅನುಕೂಲ ಮಾಡಿಕೊಡಲು ಇರುವಂಥವು.

ನಿಮಗೆ ಸ್ಪ್ಯಾನಿಷ್ ಬರಲೇಬೇಕೆಂದಿಲ್ಲ. 12 ಹಣ್ಣು, ಆರೇಳು ಬಣ್ಣ, ಹತ್ತು ಹನ್ನೆರಡು ಪುಟ್ಟ ಮಾತು ಬಾಯಿಗೆ ಬಂದರೆ ನಾಲ್ಕು ವಾರ ನಡೆಸಬಹುದು.

ಮೊದಲು ದೊಡ್ಡವರ ನಾಲಿಗೆ ಪಳಗಲಿ

ಕನ್ನಡ ಮಾತಾಡುವವರಿಗೆ ಸ್ಪ್ಯಾನಿಷ್ ಉಚ್ಚಾರ ಸುಲಭ. ಸ್ಪ್ಯಾನಿಷ್‌ನ ಐದು ಸ್ವರಗಳು ಹೆಚ್ಚುಕಡಿಮೆ ನಮ್ಮ ಅ, ಎ, ಇ, ಒ, ಉ. ಅದರ ತ ಮತ್ತು ದ ಹಲ್ಲಿಗೆ ನಾಲಿಗೆ ತಾಗಿ ಬರುವ ನಮ್ಮ ತ, ದಗಳೇ. ಪ, ಕ ಕೂಡ ಉಸಿರು ಊದದೆ ಹೇಳುವ ಅಲ್ಪಪ್ರಾಣಗಳು. ಅನಾನಸ್ಸಿನ ಹೆಸರಲ್ಲಿ ಬರುವ ಞ ನಮ್ಮ ವರ್ಣಮಾಲೆಯಲ್ಲೇ ಇದೆ. ತೊಂದರೆ ಬರುವುದು ಸ್ಪ್ಯಾನಿಷ್ ಪದವನ್ನು ಇಂಗ್ಲಿಷ್ ಕಣ್ಣಿನಿಂದ ಓದಿದಾಗ. ಸೇಬಿನ ಹೆಸರನ್ನು 'ಮಂಜಾನ' ಎಂದೂ ಕಿತ್ತಳೆಯ ಹೆಸರನ್ನು 'ನಾರಂಜ' ಎಂದೂ ಓದಿಬಿಡುತ್ತೇವೆ. ಎರಡೂ ತಪ್ಪು. ಅದಕ್ಕೇ ದೊಡ್ಡವರು ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿ ಬರೆದಿರುವ ಪದಗಳಲ್ಲಿ ದೀರ್ಘಾಕ್ಷರ ಎಲ್ಲಿದೆಯೋ ಅಲ್ಲಿ ಒತ್ತಿ ಹೇಳಬೇಕು ಎಂದರ್ಥ, ಎಳೆಯಬೇಕಿಲ್ಲ. ಸ್ಪ್ಯಾನಿಷ್‌ನಲ್ಲಿ ಈ ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಗುರುತು ಹತ್ತುವುದಿಲ್ಲ. ಮನ್‌-ಸಾ-ನ (ಸೇಬು) ಎನ್ನುವಾಗ ಒತ್ತು ನಡುವಿನ 'ಸಾ' ಮೇಲೆ. ಕನ್ನಡದ ಅಭ್ಯಾಸದಲ್ಲಿ ಮೊದಲ ಅಕ್ಷರಕ್ಕೇ ಒತ್ತು ಕೊಡುತ್ತೇವೆ. ಹೇಳುತ್ತಾ ಒತ್ತಿನ ಜಾಗದಲ್ಲಿ ಒಂದು ಚಪ್ಪಾಳೆ ತಟ್ಟಿ. ಮಕ್ಕಳಿಗೂ ಇದೇ ಸಾಕು, ನಿಯಮ ಬೇಡ.

ಎಚ್ಚರ ವಹಿಸಬೇಕಾದ ಕೆಲವು ಜಾಗಗಳಿವೆ. ಝಡ್ ಅಕ್ಷರವನ್ನು ಲ್ಯಾಟಿನ್ ಅಮೆರಿಕದಲ್ಲಿ ಸ ಎನ್ನುತ್ತಾರೆ. ಸ್ಪೇನ್‌ನ ಬಹುಭಾಗದಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡುತ್ತಾರೆ. ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ. ಇಲ್ಲಿ ಸ ಬಳಸಿದ್ದೇವೆ. ಜೆ ಅಕ್ಷರ ಗಂಟಲಿನಿಂದ ಬರುವ ಬಿಗಿಯಾದ ಹ. ಎಚ್ ಅಕ್ಷರಕ್ಕೆ ಉಚ್ಚಾರವೇ ಇಲ್ಲ. ವಿ ಮತ್ತು ಬಿ ಅಕ್ಷರಗಳಿಗೆ ಒಂದೇ ಧ್ವನಿ: ಪದದ ಮೊದಲಲ್ಲಿ ಬ, ಸ್ವರಗಳ ನಡುವೆ ತುಟಿಗಳು ತಾಗಿಯೂ ತಾಗದಂತೆ ಬರುವ ಮೆದು ವ.

ನಮ್ಮ ನಾಲಿಗೆಗೇ ವಿಶೇಷವಾದ ಎರಡು ಅಭ್ಯಾಸಗಳನ್ನು ದೊಡ್ಡವರು ಬಿಡಬೇಕಾಗುತ್ತದೆ. ಪದದ ಮೊದಲ 'ಎ'ಗೆ ನಾವು ತಿಳಿಯದೆ ಯಕಾರ ಸೇರಿಸುತ್ತೇವೆ: ಎಲ್ಲಿ ಎನ್ನುವುದು ಯೆಲ್ಲಿ ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ 'ಎಸ್' ಎಂದರೆ 'ಇದೆ, ಆಗಿದೆ' ಎಂಬ ಅರ್ಥ. ಅದನ್ನು 'ಯೆಸ್' ಎಂದರೆ ಮಗುವಿಗೆ ಕೇಳಿಸುವುದು ಇಂಗ್ಲಿಷ್‌ನ 'ಹೌದು'. ಹಾಗೆಯೇ ಊಟ 'ವೂಟ' ಆಗುವಂತೆ ದ್ರಾಕ್ಷಿಯ ಹೆಸರಾದ 'ಊವ' 'ವೂವ' ಆಗಿಬಿಡುತ್ತದೆ. ಎರಡನೆಯದು, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಅಂಟಿಸುವುದು: ಲಿಮೋನ್ ಎನ್ನುವುದು ಲಿಮೋನು. ಮಗು ಹಾಗೆ ಹೇಳಿದರೆ ಬಿಡಿ, ತಾನೇ ಸರಿಹೋಗುತ್ತದೆ. ನೀವು ಹೇಳಬೇಡಿ.

ಇನ್ನು ರ. ಸ್ವರಗಳ ನಡುವಿನ ಒಂಟಿ ರ ಕನ್ನಡದ ರ. ಪದದ ಆರಂಭದ ರ ಮತ್ತು ಜೋಡಿ ರ ನಾಲಿಗೆ ಕೆಲವು ಸಲ ಕಂಪಿಸಿ ಬರುವಂಥದ್ದು. ಇದು ಮುಖ್ಯ, ಏಕೆಂದರೆ 'ಪೇರ' ಹಣ್ಣು, 'ಪೇರ್ರ' ಹೆಣ್ಣು ನಾಯಿ.

ಹನ್ನೆರಡು ಹಣ್ಣು, ನಾಲ್ಕು ವಾರ

ಒಂದು ವಾರಕ್ಕೆ ಮೂರು ಹೊಸ ಪದ, ಅದಕ್ಕಿಂತ ಹೆಚ್ಚು ಬೇಡ. ಯಾವ ಮೂರು ಎನ್ನುವುದನ್ನು ಯೋಚಿಸಿ ಆರಿಸಬೇಕು. ಕೇಳಲು ಒಂದೇ ತರಹದ ಪದಗಳನ್ನು, ನೋಡಲು ಒಂದೇ ಬಣ್ಣದ ಹಣ್ಣುಗಳನ್ನು ಒಟ್ಟಿಗೆ ಕೊಟ್ಟರೆ ಮಗು ಒಂದರ ಹೆಸರನ್ನು ಇನ್ನೊಂದಕ್ಕೆ ಹಾಕುತ್ತದೆ. ಮನ್ಸಾನ ಮತ್ತು ನರಾನ್ಹ ಪ್ರಾಸದ ಪದಗಳು. ಪ್ಲಾತನೊ, ಪೇರ, ಪೀಞ ಮೂರೂ ಪಕಾರದಿಂದ ಶುರುವಾಗುತ್ತವೆ. ಸೇಬು, ಸ್ಟ್ರಾಬೆರಿ, ಚೆರ್ರಿ ಮೂರೂ ಕೆಂಪು. ಇವನ್ನು ಬೇರೆ ಬೇರೆ ವಾರಗಳಿಗೆ ಹಂಚಿದಾಗ ಸಿಗುವ ಅನುಕ್ರಮ ಹೀಗೆ:

ಮೊದಲ ವಾರ: ಲ ಮನ್ಸಾನ (ಸೇಬು, ಕೆಂಪು), ಎಲ್ ಪ್ಲಾತನೊ (ಬಾಳೆಹಣ್ಣು, ಹಳದಿ), ಲ ಊವ (ದ್ರಾಕ್ಷಿ, ನೇರಳೆ).
ಎರಡನೇ ವಾರ: ಲ ನರಾನ್ಹ (ಕಿತ್ತಳೆ), ಲ ಪೇರ (ಮರಸೇಬು, ಹಸಿರು), ಎಲ್ ಲಿಮೋನ್ (ನಿಂಬೆ, ಹಳದಿ).
ಮೂರನೇ ವಾರ: ಲ ಫ್ರೇಸ (ಸ್ಟ್ರಾಬೆರಿ), ಲ ಪೀಞ (ಅನಾನಸ್), ಎಲ್ ಮಾಂಗೊ (ಮಾವು).
ನಾಲ್ಕನೇ ವಾರ: ಲ ಸಂದೀಅ (ಕಲ್ಲಂಗಡಿ), ಎಲ್ ಕೋಕೊ (ತೆಂಗಿನಕಾಯಿ), ಲ ಸೆರೇಸ (ಚೆರ್ರಿ).

ಪ್ರತಿ ಹೆಸರಿನ ಮುಂದಿರುವ 'ಲ' ಮತ್ತು 'ಎಲ್' ಅನ್ನು ಬಿಡಬೇಡಿ. ಸ್ಪ್ಯಾನಿಷ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿದೆ: ಲ ಸ್ತ್ರೀಲಿಂಗ, ಎಲ್ ಪುಲ್ಲಿಂಗ. ಕನ್ನಡದಲ್ಲಿ ಹಣ್ಣುಗಳೆಲ್ಲ 'ಅದು', ಹಾಗಾಗಿ ಇದು ದೊಡ್ಡವರಿಗೆ ವಿಚಿತ್ರ ಎನಿಸುತ್ತದೆ. ಮಗುವಿಗೆ ಏನೂ ಅನಿಸುವುದಿಲ್ಲ. 'ಲ' ಸಮೇತ ಕೇಳಿದರೆ 'ಲಮನ್ಸಾನ' ಎಂದು ಒಂದೇ ಪದದಂತೆ ನೆನಪಿಟ್ಟುಕೊಳ್ಳುತ್ತದೆ. ಬರೀ ಮನ್ಸಾನ ಎಂದು ಕಲಿತ ಮಗು ಎರಡು ವರ್ಷದ ನಂತರ ಪ್ರತಿ ಪದದ ಲಿಂಗವನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗುತ್ತದೆ.

ಎರಡನೇ ವಾರದ ಪೇರ ನಮಗೆ ಒಂದು ಬಲೆ. ಕನ್ನಡದ ಪೇರಲೆ ಎಂದರೆ ಸೀಬೆ, ಸ್ಪ್ಯಾನಿಷ್‌ನ ಪೇರ ಬೇರೆ ಹಣ್ಣು. ಸೀಬೆಗೆ ಅಲ್ಲಿ ಗ್ವಯಾವ ಎನ್ನುತ್ತಾರೆ. ಚಿತ್ರದಲ್ಲಿ ಮೇಲೆ ಸಪೂರ, ಕೆಳಗೆ ದಪ್ಪ ಆಕಾರವನ್ನು ಎದ್ದು ಕಾಣುವಂತೆ ಬರೆದರೆ ಗೊಂದಲ ಆಗುವುದಿಲ್ಲ. ನರಾನ್ಹ ಮಾತ್ರ ನಮ್ಮ ಹಳೆಯ ನೆಂಟ: ಸಂಸ್ಕೃತದ ನಾರಂಗ ಪರ್ಷಿಯನ್, ಅರಬ್ಬಿ ಭಾಷೆಗಳನ್ನು ದಾಟಿ ಸ್ಪೇನ್ ಸೇರಿ ನರಾನ್ಹ ಆಯಿತು. ಸ್ವಲ್ಪ ದೊಡ್ಡ ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸಿ ಕೇಳುತ್ತಾರೆ.

ಹಾಳೆ ತಯಾರಿ

ಸಿದ್ಧ ಚಿತ್ರಗಳನ್ನು ಪ್ರಿಂಟ್ ಮಾಡಬಹುದು, ಆದರೆ ಅವುಗಳಲ್ಲಿ ಬಹುಪಾಲು ಒಂದೇ ಪುಟದಲ್ಲಿ ಹತ್ತು ಹಣ್ಣು ತುಂಬಿರುತ್ತವೆ. ಕೈಯಿಂದ ಬರೆದದ್ದೇ ಮೇಲು. ಎ4 ಹಾಳೆಯನ್ನು ಅಡ್ಡಕ್ಕೆ ಹಿಡಿದು ಎರಡಾಗಿ ಮಡಿಸಿ. ಮೂರು, ನಾಲ್ಕು ವರ್ಷದವರಿಗೆ ಅರ್ಧಕ್ಕೊಂದು ಬಗೆಯ ಹಣ್ಣು, ಅಂದರೆ ಹಾಳೆಗೆ ಎರಡೇ ಬಗೆ. ಐದು, ಆರು ವರ್ಷದವರಿಗೆ ನಾಲ್ಕಾಗಿ ಮಡಿಸಿ ನಾಲ್ಕು ಚಿತ್ರ. ಹೊರಗೆರೆಯನ್ನು ಕಪ್ಪು ಮಾರ್ಕರ್‌ನಲ್ಲಿ 3ರಿಂದ 4 ಮಿ.ಮೀ. ದಪ್ಪ ಬರೆಯಿರಿ. ತೆಳು ಗೆರೆಯಾದರೆ ಬಣ್ಣ ಹೊರಗೆ ಹೋಗುತ್ತದೆ, ಮಗು ಬೇಸರಪಟ್ಟು ಹಾಳೆ ತಳ್ಳುತ್ತದೆ.

ಕ್ರೇಯಾನ್, ಬಣ್ಣದ ಪೆನ್ಸಿಲ್‌ಗೆ 80 ಜಿಎಸ್‌ಎಂನ ಮಾಮೂಲಿ ಹಾಳೆ ಸಾಕು (ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ). ಸ್ಕೆಚ್ ಪೆನ್ ಆದರೆ 120 ಜಿಎಸ್‌ಎಂ ಬೇಕು, ಇಲ್ಲವಾದರೆ ಬಣ್ಣ ಹಿಂದಕ್ಕೆ ಸೋರುತ್ತದೆ. ನೀರಿನ ಬಣ್ಣ ಈ ಪಾಠಕ್ಕೆ ಬೇಡ. ಬ್ರಷ್, ನೀರು, ಒರೆಸುವ ಬಟ್ಟೆ ಎಂದು ಗಮನವೆಲ್ಲ ಅಲ್ಲೇ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಕ್ರೇಯಾನನ್ನು ಮುರಿದು 3 ಸೆಂ.ಮೀ. ತುಂಡು ಮಾಡಿ ಕೊಡಿ. ಉದ್ದ ಕ್ರೇಯಾನನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ತುಂಡಾದರೆ ಮುಷ್ಟಿಯಲ್ಲಿ ನಿಲ್ಲದು, ಮೂರು ಬೆರಳಿನಲ್ಲೇ ಹಿಡಿಯಬೇಕಾಗುತ್ತದೆ.

ಗೆರೆ ದಾಟದಂತೆ ಹಚ್ಚಲು ಇನ್ನೂ ಆಗದ ಮಗುವಿಗೆ ಉಬ್ಬುಗೆರೆ ಹಾಳೆ ಮಾಡಬಹುದು. ಕಪ್ಪು ಗೆರೆಯ ಮೇಲೆ ಬಿಳಿ ಗೋಂದಿನ ಬಾಟಲಿಯ ಮೂತಿಯಿಂದ 2 ಮಿ.ಮೀ. ದಪ್ಪದ ಎಳೆ ಎಳೆದು, ಸಮತಟ್ಟಾದ ಜಾಗದಲ್ಲಿ ಒಂದು ರಾತ್ರಿ ಒಣಗಲು ಬಿಡಿ. ಒಣಗುವ ಮುಂಚೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ಬೆಳಗ್ಗೆ ಗೋಂದು ಗಾಜಿನಂತೆ ಪಾರದರ್ಶಕವಾಗಿ, ಗಟ್ಟಿ ದಿಂಡಾಗಿ ನಿಂತಿರುತ್ತದೆ. ಕ್ರೇಯಾನ್ ಅಂಚಿಗೆ ಬಂದಾಗ ಅದಕ್ಕೆ ತಾಗಿ 'ಟಕ್' ಎಂದು ನಿಲ್ಲುತ್ತದೆ. ಮಗು ಹಾಳೆ ನೋಡದೆಯೂ ಅಂಚನ್ನು ಕೈಯಲ್ಲೇ ಅರಿಯುತ್ತದೆ, ಆಗ ನಿಮ್ಮ ಮಾತಿಗೆ ಕಿವಿ ಕೊಡಲು ಪುರುಸೊತ್ತು ಸಿಗುತ್ತದೆ.

'ಲ' ಹಣ್ಣುಗಳ ಸುತ್ತ ದುಂಡು ಚೌಕಟ್ಟು, 'ಎಲ್' ಹಣ್ಣುಗಳ ಸುತ್ತ ಚೌಕದ ಚೌಕಟ್ಟು ಬರೆಯಿರಿ. ಲಿಂಗ ಗುರುತಿಸಲು ಗುಲಾಬಿ, ನೀಲಿ ಬಣ್ಣ ಬಳಸುವ ರೂಢಿಯಿದೆ. ಬಣ್ಣವೇ ಪಾಠವಾಗಿರುವ ಹಾಳೆಯಲ್ಲಿ ಅದು ಗೊಂದಲ ತರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು: ಚಿತ್ರವನ್ನು ತುಂಡು ತುಂಡಾಗಿ ಬರೆಯಿರಿ. ಪುಟ ತುಂಬ ಒಂದೇ ದೊಡ್ಡ ಸೇಬು ಬರೆದರೆ ಮಗು ಐದು ನಿಮಿಷ ಮೌನವಾಗಿ ಉಜ್ಜುತ್ತದೆ. ಹೆಸರು ಹೇಳಲು ನಿಮಗೆ ಸಂದರ್ಭವೇ ಸಿಗುವುದಿಲ್ಲ. ಅದೇ ಜಾಗದಲ್ಲಿ ಮೂರು ಪುಟ್ಟ ಸೇಬು ಇದ್ದರೆ ಪ್ರತಿಯೊಂದಕ್ಕೂ ಕ್ರೇಯಾನ್ ಎತ್ತಿಡಬೇಕು, ಪ್ರತಿ ಸಲವೂ ಹೆಸರು ಹೇಳಬಹುದು. ಈ ದೃಷ್ಟಿಯಿಂದ ದ್ರಾಕ್ಷಿಗೊಂಚಲಿನಷ್ಟು ಒಳ್ಳೆಯ ಹಾಳೆ ಇನ್ನೊಂದಿಲ್ಲ. 12 ಕಾಳು ಬರೆಯಿರಿ. ಸ್ಪೇನ್‌ನಲ್ಲಿ ವರ್ಷದ ಕೊನೆಯ ರಾತ್ರಿ ಹನ್ನೆರಡು ಗಂಟೆ ಬಾರಿಸುವಾಗ ಗಂಟೆಗೊಂದರಂತೆ 12 ದ್ರಾಕ್ಷಿ ತಿನ್ನುವ ಪದ್ಧತಿಯಿದೆ, ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರಕ್ಕೆ ದೇಶವೇ ಕಿವಿಗೊಟ್ಟಿರುತ್ತದೆ. ಒಂದೊಂದು ಕಾಳಿಗೆ ಬಣ್ಣ ಹಚ್ಚುವಾಗಲೂ ಎಣಿಸಿ: ಊನ ಊವ, ದೋಸ್ ಊವಸ್, ತ್ರೇಸ್ ಊವಸ್, ಕುವಾತ್ರೊ, ಸೀಂಕೊ, ಸೇಯ್ಸ್, ಸಿಯೇತೆ, ಓಚೊ, ನುಯೇವೆ, ದಿಯೇಸ್, ಓನ್ಸೆ, ದೋಸೆ. ಹೌದು, ಹನ್ನೆರಡಕ್ಕೆ 'ದೋಸೆ'. ಕನ್ನಡದ ಮಗು ಆ ಸಂಖ್ಯೆಯನ್ನು ಇನ್ನು ಮರೆಯುವುದಿಲ್ಲ.

ಒಂದು ಪಾಠ, 12 ನಿಮಿಷ

ಬೇಕಾಗುವ ಮಾತುಗಳು ಇಷ್ಟೆ. ಕೇ ಎಸ್? (ಏನಿದು?) ದೋಂದೆ ಎಸ್ತಾ...? (ಎಲ್ಲಿದೆ?) ತೋಮ (ತಗೋ). ದಾಮೆ (ಕೊಡು). ಪೀಂತ... ದೆ ರೋಹೊ (ಕೆಂಪು ಬಣ್ಣ ಹಚ್ಚು). ಸೀ (ಹೌದು). ಮುಯ್ ಬಿಯೇನ್ (ತುಂಬ ಚೆನ್ನಾಗಿದೆ). ಪೋರ್ ಫವೋರ್ (ದಯವಿಟ್ಟು). 'ತಗೋ' ಎನ್ನಲು ಸ್ಪೇನ್‌ನಲ್ಲಿ ಬಳಕೆಯಲ್ಲಿರುವ 'ಕೋಹೆ' ಎಂಬ ಪದ ಹಲವು ಲ್ಯಾಟಿನ್ ಅಮೆರಿಕ ದೇಶಗಳಲ್ಲಿ ಅಶ್ಲೀಲ, ಹಾಗಾಗಿ ಎಲ್ಲೆಡೆ ಸಲ್ಲುವ 'ತೋಮ' ಕಲಿಸುವುದು ಕ್ಷೇಮ.

ಬಣ್ಣಗಳು: ರೋಹೊ (ಕೆಂಪು), ಅಮರೀಯೊ (ಹಳದಿ), ಬೇರ್ದೆ (ಹಸಿರು), ಮೊರಾದೊ (ನೇರಳೆ), ನರಾನ್ಹ (ಕಿತ್ತಳೆ; ಹಣ್ಣಿಗೂ ಬಣ್ಣಕ್ಕೂ ಕನ್ನಡದಂತೆಯೇ ಒಂದೇ ಹೆಸರು), ಮರ್ರೋನ್ (ಕಂದು), ಅಸೂಲ್ (ನೀಲಿ).

ಮೊದಲ ಎರಡು ನಿಮಿಷ ಹಾಳೆ ತೆಗೆಯಬೇಡಿ. ನಿಜವಾದ ಸೇಬನ್ನು ಮಗುವಿನ ಕೈಗೆ ಕೊಡಿ. ಮೂಸಲಿ, ತಿರುಗಿಸಲಿ. 'ಲ ಮನ್ಸಾನ' ಎಂದು ಮೂರು ಸಲ ನಿಧಾನವಾಗಿ, ಬೇರೆ ಬೇರೆ ರಾಗದಲ್ಲಿ ಹೇಳಿ. ಹಣ್ಣು ಇಲ್ಲದಿದ್ದರೆ ಫೋಟೊ. ಮುಂದಿನ ಎರಡು ನಿಮಿಷ ಸೇಬು ಮತ್ತು ಬಾಳೆಹಣ್ಣು ಎರಡನ್ನೂ ಇಟ್ಟು 'ದೋಂದೆ ಎಸ್ತಾ ಲ ಮನ್ಸಾನ?' ಎಂದು ಕೇಳಿ. ಮಗು ಕೈ ತೋರಿಸಿದರೆ ಸಾಕು, ಮಾತಾಡಬೇಕಿಲ್ಲ. ಹೊಸ ಭಾಷೆ ಕಲಿಯುವ ಮಗು ಮೊದಲು ಬಹಳ ದಿನ ಬರೀ ಕೇಳುತ್ತದೆ. ಆ ಮೌನ ಕಲಿಕೆಯ ಭಾಗವೇ.

ನಾಲ್ಕನೇ ನಿಮಿಷಕ್ಕೆ ಹಾಳೆ ಬರಲಿ. ಕ್ರೇಯಾನ್ ಡಬ್ಬಿ ನಿಮ್ಮ ಕೈಯಲ್ಲೇ ಇರಲಿ. ಇಡೀ ಪದ್ಧತಿ ನಿಂತಿರುವುದು ಇದರ ಮೇಲೆ. ಡಬ್ಬಿ ಮಗುವಿನ ಮುಂದಿದ್ದರೆ ಅದಕ್ಕೆ ನಿಮ್ಮ ಅಗತ್ಯವೇ ಇಲ್ಲ. ಕೆಂಪು ತುಂಡನ್ನು ಎತ್ತಿ ಹಿಡಿದು, 'ರೋಹೊ. ತೋಮ, ಪುಟ್ಟಾ. ಪೀಂತ ಲ ಮನ್ಸಾನ ದೆ ರೋಹೊ.' ಮಗು ಶುರು ಮಾಡುತ್ತದೆ. ಸಂಭಾಷಣೆ ಹೀಗೆ ಸಾಗಬಹುದು:

'ಇದು ಸೇಬು!'
'ಸೀ, ಲ ಮನ್ಸಾನ. ಲ ಮನ್ಸಾನ ಎಸ್ ರೋಹ.'
(ಮಗು ಎರಡನೇ ಸೇಬಿಗೆ ಹೋಗುತ್ತದೆ.)
'ಓತ್ರ ಮನ್ಸಾನ. ಕೇ ಎಸ್?'
(ಮಗು ಸುಮ್ಮನೆ. ನೀವು ಮನಸ್ಸಿನಲ್ಲೇ ಐದು ಎಣಿಸಿ.)
'ಮನ್...'
'ಸಾನ!'
'ಸೀ! ಲ ಮನ್ಸಾನ! ಮುಯ್ ಬಿಯೇನ್.'

ಆ ಐದು ಎಣಿಕೆಯನ್ನು ನುಂಗಿಬಿಡಬೇಡಿ. ಬಹುತೇಕ ದೊಡ್ಡವರು ಎರಡು ಸೆಕೆಂಡಿನೊಳಗೆ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಮಗು ತಲೆಯೊಳಗೆ ಪದವನ್ನು ಹುಡುಕುವ ಆ ಹೊತ್ತಿನಲ್ಲೇ ಪದ ಗಟ್ಟಿಯಾಗುವುದು. ಸಿಗದಿದ್ದರೆ ಮೊದಲ ಅಕ್ಷರ ಕೊಡಿ, ಪೂರ್ತಿ ಪದವನ್ನಲ್ಲ. 'ಓತ್ರ' ಎಂದರೆ 'ಇನ್ನೊಂದು'. ಇಂಥ ಪದಗಳನ್ನು ವಿವರಿಸಬೇಡಿ, ಸಂದರ್ಭದಿಂದಲೇ ತಿಳಿಯುತ್ತದೆ.

ಹತ್ತನೇ ನಿಮಿಷಕ್ಕೆ ಕ್ರೇಯಾನ್ ವಾಪಸ್ ಕೇಳಿ: 'ದಾಮೆ ಎಲ್ ರೋಹೊ, ಪೋರ್ ಫವೋರ್.' ಹಾಳೆಯನ್ನು ಮಗುಚಿಟ್ಟು, ಬಣ್ಣ ಹಚ್ಚಿದ ಹಣ್ಣುಗಳ ಹೆಸರು ಕೇಳಿ. ನೆನಪಾಗದಿದ್ದರೆ ಹಾಳೆ ತಿರುಗಿಸಿ ತೋರಿಸಿ, ಹೆಸರನ್ನು ನೀವೇ ಹೇಳಿ, ಮುಗಿಸಿ. ಮಗು ಇನ್ನೂ ಬೇಕು ಎನ್ನುತ್ತಿರುವಾಗಲೇ ನಿಲ್ಲಿಸುವುದು ಒಳ್ಳೆಯದು. ಈ 12 ನಿಮಿಷದಲ್ಲಿ ಒಂದು ಹಣ್ಣಿನ ಹೆಸರು ಹದಿನೈದು ಸಲವಾದರೂ ಕಿವಿಗೆ ಬಿದ್ದಿರಬೇಕು. ಒಮ್ಮೆ ಫೋನಿನಲ್ಲಿ ಪಾಠವನ್ನು ರೆಕಾರ್ಡ್ ಮಾಡಿ ಎಣಿಸಿ ನೋಡಿ. ನೀವು ಕನ್ನಡದಲ್ಲೇ 'ಗೆರೆ ಒಳಗೆ ಹಚ್ಚು, ಚೆನ್ನಾಗಿ ಹಿಡ್ಕೊ, ಆ ಕಡೆ ನೋಡಬೇಡ' ಎಂದು ಎಷ್ಟು ಮಾತಾಡಿದ್ದೀರಿ ಎನ್ನುವುದೂ ತಿಳಿಯುತ್ತದೆ.

ವಾರದ ಓಟ

ವಾರಕ್ಕೆ ನಾಲ್ಕು ದಿನ ಸಾಕು. ಮೊದಲ ದಿನ ಎರಡು ಹೊಸ ಪದ. ಮರುದಿನ ಅವೇ ಎರಡು, ಜೊತೆಗೆ ಮೂರನೆಯದು. ಒಂದು ದಿನ ಬಿಟ್ಟು ಮೂರೂ ಸೇರಿದ ಹಾಳೆ. ವಾರದ ಕೊನೆಗೆ ಹಿಂದಿನ ವಾರದ ಒಂದೆರಡು ಹಣ್ಣು ಬೆರೆಸಿದ ಹಾಳೆ. ನಾಲ್ಕು ದಿನ ಹತ್ತು ಹನ್ನೆರಡು ನಿಮಿಷ ಮಾಡಿದ್ದು ಉಳಿಯುತ್ತದೆ; ಭಾನುವಾರ ಒಟ್ಟಿಗೆ ಮುಕ್ಕಾಲು ಗಂಟೆ ಮಾಡಿದ್ದು ಬುಧವಾರದ ಹೊತ್ತಿಗೆ ಮರೆತಿರುತ್ತದೆ.

ಬೆರಕೆ ಹಾಳೆಯನ್ನು ಕೇಳಿ-ಹಚ್ಚುವ ಆಟವಾಗಿ ಮಾಡಿ. ಆರು ಹಣ್ಣಿನ ಚಿತ್ರ ಇರಲಿ. ನೀವು ಹೇಳಿದ ಹಣ್ಣಿಗೆ, ಹೇಳಿದ ಬಣ್ಣವನ್ನೇ ಮಗು ಹಚ್ಚಬೇಕು. ಇಲ್ಲಿ ಬೇಕೆಂದೇ ತಪ್ಪು ಬಣ್ಣ ಹೇಳಿ: 'ಪೀಂತ ಎಲ್ ಪ್ಲಾತನೊ ದೆ ಅಸೂಲ್.' ಸೇಬಿಗೆ ಯಾವಾಗಲೂ ಕೆಂಪೇ ಆದರೆ ಮಗು ಹಣ್ಣಿನ ಹೆಸರು ಕೇಳದೆ ಬಣ್ಣದ ಹೆಸರಿನಿಂದಲೇ ಊಹಿಸುತ್ತದೆ. ನೀಲಿ ಬಾಳೆಹಣ್ಣು ಹಚ್ಚಬೇಕಾದರೆ ಎರಡು ಪದವನ್ನೂ ಕೇಳಲೇಬೇಕು, ಜೊತೆಗೆ ಬಿದ್ದು ಬಿದ್ದು ನಗುತ್ತದೆ.

ಬಣ್ಣದ ಬಾಲ ಬದಲಾಗುವುದು

ಮೇಲಿನ ಸಂಭಾಷಣೆಯಲ್ಲಿ ಕ್ರೇಯಾನ್ 'ರೋಹೊ', ಸೇಬು 'ರೋಹ' ಎಂದಿರುವುದನ್ನು ಗಮನಿಸಿರಬಹುದು. ಬಣ್ಣದ ಪದ ಹಣ್ಣಿನ ಲಿಂಗವನ್ನು ಅನುಸರಿಸುತ್ತದೆ. ಲ ಮನ್ಸಾನ ಎಸ್ ರೋಹ, ಎಲ್ ಪ್ಲಾತನೊ ಎಸ್ ಅಮರೀಯೊ, ಲ ಊವ ಎಸ್ ಮೊರಾದ. ಒಕಾರದಲ್ಲಿ ಮುಗಿಯುವ ಬಣ್ಣಗಳು ಮಾತ್ರ ಹೀಗೆ ಬದಲಾಗುತ್ತವೆ. ಬೇರ್ದೆ, ಅಸೂಲ್, ನರಾನ್ಹ, ಮರ್ರೋನ್ ಎರಡಕ್ಕೂ ಒಂದೇ. 'ಪೀಂತ... ದೆ ರೋಹೊ' ಎಂದು ಬಣ್ಣದ ಹೆಸರನ್ನೇ ಹೇಳುವಾಗ ಯಾವಾಗಲೂ ರೋಹೊ. ಹಣ್ಣು ಬಹುವಚನವಾದರೆ ಬಣ್ಣವೂ ಬಹುವಚನ: ಲಸ್ ಊವಸ್ ಮೊರಾದಸ್. ಆರು ವರ್ಷಕ್ಕಿಂತ ಕೆಳಗಿನವರಿಗೆ ಈ ನಿಯಮವನ್ನು ಹೇಳಬೇಡಿ, ನೀವು ಸರಿಯಾಗಿ ಹೇಳುತ್ತಿದ್ದರೆ ಅವರ ಕಿವಿ ಹಿಡಿದುಕೊಳ್ಳುತ್ತದೆ.

ಇದನ್ನು ತೋರಿಸಲು ಕಲ್ಲಂಗಡಿಯ ಹಾಳೆ ಚೆನ್ನ. ಎಡಕ್ಕೆ ಇಡೀ ಹಣ್ಣು, ಬಲಕ್ಕೆ ಹೋಳು. ಇಡೀ ಹಣ್ಣಿನ ಮೇಲೆ ಹಸಿರು ಪಟ್ಟೆ, ಹೋಳಿನಲ್ಲಿ ಕೆಂಪು ತಿರುಳು, ಹತ್ತು ಕಪ್ಪು ಬೀಜ. 'ಪೋರ್ ಫುಯೇರ ಬೇರ್ದೆ, ಪೋರ್ ದೇಂತ್ರೊ ರೋಹ': ಹೊರಗೆ ಹಸಿರು, ಒಳಗೆ ಕೆಂಪು. ಮಗು ಕೈಯನ್ನು ಎರಡು ಚಿತ್ರಗಳ ನಡುವೆ ಓಡಿಸುತ್ತಾ ಇದನ್ನು ಹಾಡಿನಂತೆ ಹೇಳತೊಡಗುತ್ತದೆ. ಸಂದೀಅ ಎನ್ನುವಾಗ ಒತ್ತು 'ದೀ' ಮೇಲೆ, ಕೊನೆಯ ಅಕಾರ ಬೇರೆಯಾಗಿ ಕೇಳಿಸಬೇಕು.

ಎಡವುವ ಜಾಗಗಳು

ಮಗು ಎಲ್ಲ ಹಣ್ಣಿಗೂ ಒಂದೇ ಬಣ್ಣ ಹಚ್ಚುತ್ತದೆ. ಸಾಮಾನ್ಯವಾಗಿ ಡಬ್ಬಿ ಅದರ ಕೈಗೆ ಹೋಗಿರುತ್ತದೆ, ಅಥವಾ ಹಾಳೆಯಲ್ಲಿ ಚಿತ್ರ ಹೆಚ್ಚಾಗಿ ಸುಸ್ತಾಗಿರುತ್ತದೆ. ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ.

ಮಗು ಸ್ಪ್ಯಾನಿಷ್ ಹೆಸರು ಕೇಳಿದಾಗಲೂ ಕನ್ನಡದಲ್ಲೇ ಉತ್ತರಿಸುತ್ತದೆ. ಅದಕ್ಕೆ ಅರ್ಥವಾಗಿದೆ ಎಂದಾಯಿತು, ಸಂತೋಷಪಡಿ. 'ಕನ್ನಡ ಬೇಡ, ಸ್ಪ್ಯಾನಿಷ್‌ನಲ್ಲಿ ಹೇಳು' ಎನ್ನಬೇಡಿ. ಆ ಮಾತಿನಿಂದ ಮಗು ಎರಡೂ ಭಾಷೆಗೆ ಹೆದರುತ್ತದೆ. 'ಸೀ, ಎಲ್ ಮಾಂಗೊ' ಎಂದು ಮುಂದೆ ಹೋಗಿ.

ಹಾಳೆಯ ಮೇಲಿನ ಪೀಞ ಗೊತ್ತು, ಎದುರಿಗಿರುವ ಅನಾನಸ್ ಗೊತ್ತಿಲ್ಲ. ಒಂದೇ ಚಿತ್ರವನ್ನು ನಾಲ್ಕು ವಾರ ಜೆರಾಕ್ಸ್ ಮಾಡಿ ಕೊಟ್ಟರೆ ಹೀಗಾಗುತ್ತದೆ. ಮಗು ಹಣ್ಣಿನ ಬದಲು ಆ ಚಿತ್ರದ ಹೆಸರನ್ನು ಕಲಿತಿದೆ. ಪ್ರತಿ ಹಣ್ಣಿಗೆ ಕನಿಷ್ಠ ಮೂರು ಬೇರೆ ಚಿತ್ರ ಬೇಕು: ಇಡಿಯಾಗಿ, ಹೋಳಾಗಿ, ಬುಟ್ಟಿಯಲ್ಲಿ ಬೇರೆ ಹಣ್ಣಿನ ಜೊತೆ. ಮಾವಿಗೆ ಹಸಿರು, ಹಳದಿ, ಕೆಂಪು ಮೂರೂ ಸಲ್ಲುತ್ತದೆ. ಆ ಆಯ್ಕೆಯನ್ನು ಮಗುವಿಗೇ ಬಿಟ್ಟು 'ರೋಹೊ ಓ ಬೇರ್ದೆ?' ಎಂದು ಕೇಳಿ. ಉತ್ತರ ಬರುವವರೆಗೆ ಕ್ರೇಯಾನ್ ಕೊಡಬೇಡಿ, ಆದರೆ ಬೆರಳು ತೋರಿಸಿದರೂ ಅದು ಉತ್ತರವೇ.

ಮಗುವಿನ ಬಾಯಲ್ಲಿ ಪದ ತಪ್ಪಾಗಿ ಬರುತ್ತದೆ: 'ಪಾತನೊ', 'ನನಾನ್ಹ'. ತಿದ್ದಬೇಡಿ. ಸರಿಯಾದ ರೂಪವನ್ನು ನಿಮ್ಮ ಮುಂದಿನ ವಾಕ್ಯದಲ್ಲಿ ಸೇರಿಸಿ ಹೇಳಿ, ಅಷ್ಟೆ.

ಮೂರನೇ ವಾರದಲ್ಲಿ ಮೊದಲ ವಾರದ ಪದ ಮಾಯವಾಗಿದ್ದರೆ ಹೊಸ ಪದಗಳನ್ನು ನಿಲ್ಲಿಸಿ, ಒಂದು ವಾರ ಹಳೆಯ ಆರರಲ್ಲೇ ಇರಿ. ವೇಳಾಪಟ್ಟಿ ಮಗುವಿಗಾಗಿ ಇರುವುದು.

ಊರಿಗೊಂದು ಹೆಸರು

20 ದೇಶಗಳ ಅಧಿಕೃತ ಭಾಷೆಯಲ್ಲಿ ಹಣ್ಣಿಗೆ ಒಂದೇ ಹೆಸರಿರಲು ಸಾಧ್ಯವಿಲ್ಲ. ಸ್ಪೇನ್, ಮೆಕ್ಸಿಕೊದ ಪ್ಲಾತನೊ ಅರ್ಜೆಂಟೀನಾದಲ್ಲಿ ಬನಾನ, ಕೊಲಂಬಿಯಾದಲ್ಲಿ ಬನಾನೊ, ವೆನೆಜುವೆಲಾದಲ್ಲಿ ಕಂಬೂರ್. ಫ್ರೇಸ ಅರ್ಜೆಂಟೀನಾ, ಚಿಲಿಯಲ್ಲಿ ಫ್ರುತೀಯ. ಪೀಞ ಅರ್ಜೆಂಟೀನಾದಲ್ಲಿ ಅನನಾ, ಅಂದರೆ ನಮ್ಮ ಅನಾನಸ್ಸಿನ ಸೋದರ. (ಪೀಞ ಎಂದರೆ ಮೂಲದಲ್ಲಿ ಪೈನ್ ಮರದ ಕಾಯಿ, ಆಕಾರದ ಹೋಲಿಕೆಯಿಂದ ಹಣ್ಣಿಗೂ ಬಂತು. ಆ ಓರೆ ಗೆರೆಗಳ ಜಾಲವನ್ನು ಬರೆದರೆ ಒಂದೊಂದು ಕಣ್ಣಿಗೂ ಬಣ್ಣ ಹಚ್ಚಿಸಬಹುದು.) ನಿಂಬೆಯದ್ದು ಹೆಸರಿಗಿಂತ ಬಣ್ಣದ ತಕರಾರು: ಸ್ಪೇನ್‌ನಲ್ಲಿ ಲಿಮೋನ್ ಎಂದರೆ ದೊಡ್ಡ ಹಳದಿ ಹಣ್ಣು, ಮೆಕ್ಸಿಕೊದಲ್ಲಿ ಸಾಮಾನ್ಯವಾಗಿ ಪುಟ್ಟ ಹಸಿರು ಹಣ್ಣು. ಮಗು ಯಾರೊಂದಿಗೆ ಮಾತಾಡಬೇಕಾಗಿದೆಯೋ ಅವರ ಪದವನ್ನು ಕಲಿಸಿ. ಅಂಥವರು ಯಾರೂ ಇಲ್ಲದಿದ್ದರೆ ಈ ಪಟ್ಟಿಯಲ್ಲಿರುವುದು ಸಾಕು. ಎರಡು ಹೆಸರನ್ನು ಒಟ್ಟಿಗೆ ಕೊಡಬೇಡಿ.

ಓದು ಬಂದ ಮಕ್ಕಳಿಗೆ

ಆರು ದಾಟಿದವರಿಗೆ ಚಿತ್ರದ ಕೆಳಗೆ ಹೆಸರನ್ನು ಪೊಳ್ಳು ಅಕ್ಷರಗಳಲ್ಲಿ, 2 ಸೆಂ.ಮೀ. ಎತ್ತರ ಬರೆದುಕೊಡಿ. ಮೊದಲು ಅದರೊಳಗೆ ಬಣ್ಣ ತುಂಬಲಿ, ಎರಡನೇ ವಾರ ಚುಕ್ಕೆಗಳ ಮೇಲೆ ತಿದ್ದಲಿ, ಮೂರನೇ ವಾರ ನೋಡಿ ಬರೆಯಲಿ. ಒತ್ತು ಬೀಳುವ ಸ್ವರಾಕ್ಷರಕ್ಕೆ ಬೇರೆ ಬಣ್ಣ. ಪ್ಲಾತನೊ, ಲಿಮೋನ್, ಸಂದೀಅ ಈ ಮೂರರಲ್ಲಿ ಒತ್ತಿನ ಸ್ವರದ ಮೇಲೆ ಓರೆ ಗೆರೆಯೂ ಬರುತ್ತದೆ. ಅದು ಅಲಂಕಾರವಲ್ಲ, ಕಾಗುಣಿತದ ಭಾಗ. ದೊಡ್ಡಕ್ಷರದಲ್ಲಿ ಬರೆದರೂ ಬಿಡುವಂತಿಲ್ಲ. ಪೀಞದಲ್ಲಿ ಎನ್ ಅಕ್ಷರದ ಮೇಲಿನ ಅಲೆಗೆರೆ ಇಲ್ಲದಿದ್ದರೆ ಅದು ಬೇರೆಯೇ ಅಕ್ಷರ: ಸ್ಪ್ಯಾನಿಷ್ ವರ್ಣಮಾಲೆಯ 27 ಅಕ್ಷರಗಳಲ್ಲಿ ಅಲೆಗೆರೆಯ ಎನ್ ಪ್ರತ್ಯೇಕ ಸ್ಥಾನ ಪಡೆದಿದೆ. ಮಕ್ಕಳು ಆ ಅಲೆಯನ್ನು ಬಹಳ ಇಷ್ಟಪಟ್ಟು ಬರೆಯುತ್ತಾರೆ. ಮಗುವಿಗಾಗಿ ಸ್ಪ್ಯಾನಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡಬೇಡಿ, ಅದು ನಿಮಗೆ ಮಾತ್ರ.

ನಾಲ್ಕು ವಾರದ ನಂತರ

ಮಗು ಬಣ್ಣ ಹಚ್ಚಿರದ, ಹೊಸದಾದ 12 ಚಿತ್ರಗಳನ್ನು ನೆಲದ ಮೇಲೆ ಹರಡಿ. ಮೊದಲು ನೀವು ಹೆಸರು ಹೇಳಿ, ಮಗು ಚಿತ್ರ ಎತ್ತಿಕೊಡಲಿ. ಆಮೇಲೆ ನೀವು ಚಿತ್ರ ತೋರಿಸಿ, ಮಗು ಹೆಸರು ಹೇಳಲಿ. ಎರಡು ಲೆಕ್ಕವನ್ನೂ ಬೇರೆ ಬೇರೆ ಬರೆದಿಡಿ. ಗುರುತಿಸುವ ಸಂಖ್ಯೆ ಹೇಳುವ ಸಂಖ್ಯೆಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ನಾಲ್ಕು ವರ್ಷದ ಮಗು ಹತ್ತನ್ನು ಗುರುತಿಸಿ ಐದನ್ನು ಹೇಳಿದರೂ ಪಾಠ ಚೆನ್ನಾಗಿ ನಡೆದಿದೆ ಎಂದೇ ಅರ್ಥ. ಗುರುತು ಸಿಗದ ಹಣ್ಣುಗಳಿಗೆ ಹೊಸ ಚಿತ್ರ ಬರೆದು, ಚೆನ್ನಾಗಿ ಗೊತ್ತಿರುವ ಎರಡು ಹಣ್ಣುಗಳ ನಡುವೆ ಒಂದೊಂದನ್ನೇ ಇಟ್ಟು ಐದನೇ ವಾರದ ಹಾಳೆ ಮಾಡಿ.